ಹೊಸತನ ಚಿಪ್‌ನಲ್ಲಲ್ಲ, ಕೈಯಲ್ಲಿ ಬೇಕು
ಸೋನಿಯ ಗೇಮ್ ಕನ್ಸೋಲ್ ಪ್ಲೇಸ್ಟೇಷನ್ 6ರಲ್ಲಿ ಹೊಸದೇನಿರಬಹುದು ಅಂತ ನಾನು ಓದಿದ ಲೇಖನವೊಂದರಲ್ಲಿ ಮಾಡಿರುವ ಊಹೆಗಳೆಲ್ಲ ಚಿಪ್, ಎಐ, ಫ್ರೇಮ್ ರೇಟ್ (ಸೆಕೆಂಡಿಗೆ ಪರದೆ ಮೇಲೆ ಎಷ್ಟು ಚಿತ್ರ ಮೂಡುತ್ತವೆ ಅನ್ನೋದು) ಸುತ್ತಲೇ ಗಿರಕಿ ಹೊಡೆಯುತ್ತಿವೆ. ಅದೆಲ್ಲ ಹೇಗೂ ಬರುತ್ತದೆ ಬಿಡಿ. ನೆನಪಲ್ಲಿ ಉಳಿಯುವುದು ಕೈಗೆ ಸಿಕ್ಕ ಹೊಸತನ ಅಲ್ವಾ? 2006ರಲ್ಲಿ ನಿಂಟೆಂಡೊ ಕಂಪನಿಯ ವೀ ಕನ್ಸೋಲ್ ಬಂದಾಗ ಅದರ ಗ್ರಾಫಿಕ್ಸ್ ಪ್ಲೇಸ್ಟೇಷನ್ 3ರ ಹತ್ತಿರಕ್ಕೂ ಸುಳಿಯುತ್ತಿರಲಿಲ್ಲ. ಆದರೂ ರಿಮೋಟ್ ಬೀಸಿ ಟೆನಿಸ್ ಆಡುವ ಖುಷಿಗೆ ಜನ ಮುಗಿಬಿದ್ದರು, 10 ಕೋಟಿಗೂ ಜಾಸ್ತಿ ಮಾರಾಟವಾಯಿತು. (ಬೀಸಿದ ರಭಸಕ್ಕೆ ಕೈದಾರ ಕಿತ್ತು ರಿಮೋಟ್ ಟಿವಿಗೆ ಬಡಿದದ್ದೂ ಉಂಟು. ಕಂಪನಿ ದಪ್ಪ ದಾರ ಕೊಡಬೇಕಾಯಿತು!)

ಪ್ಲೇಸ್ಟೇಷನ್ 5ರ ಕಂಟ್ರೋಲರ್ ಡ್ಯುಯಲ್‌ಸೆನ್ಸ್ ಕೂಡ ಹಾಗೇ. ಆಸ್ಟ್ರೋಸ್ ಪ್ಲೇರೂಮ್ ಆಟದಲ್ಲಿ ಪುಟ್ಟ ರೋಬೋ ಮರಳಿನಿಂದ ಮಂಜುಗಡ್ಡೆಗೆ ಕಾಲಿಟ್ಟರೆ ಅಂಗೈಗೇ ಗೊತ್ತಾಗುತ್ತದೆ.

ನನ್ನ ಬೇಡಿಕೆ ಮಾತ್ರ ಬಹಳ ಸಣ್ಣದು. ಮನೆಯಲ್ಲಿ ಒಂದು ಕಂಟ್ರೋಲರ್ ಇದೆ, ಯಾವ ಕಂಪನಿಯದು ಅನ್ನೋದು ಬೇಡ. ಮುಟ್ಟದಿದ್ದರೂ ಪರದೆಯೊಳಗಿನ ಆಟಗಾರ ಸುಮ್ನೆ ಎಡಕ್ಕೆ ನಡೆದು ಗೋಡೆಗೆ ತಲೆ ಚಚ್ಚಿಕೊಳ್ಳುತ್ತಾನೆ. ಹೆಬ್ಬೆರಳಲ್ಲಿ ಆಡಿಸುವ ಸ್ಟಿಕ್ ಒಳಗಿನ ಪಟ್ಟಿ ಉಜ್ಜಿ ಉಜ್ಜಿ ಸವೆದಿದೆ. 1998ರ ಸೆಗಾ ಡ್ರೀಮ್‌ಕಾಸ್ಟ್ ಕನ್ಸೋಲ್‌ನಲ್ಲೇ ಆಯಸ್ಕಾಂತದಿಂದ ಚಲನೆ ಗುರುತಿಸುವ ಸ್ಟಿಕ್ ಇತ್ತು. ಅದರಲ್ಲಿ ಹಾಗೆ ಸವೆಯುವ ಪಟ್ಟಿಯೇ ಇಲ್ಲ. ಮೊದಲು ಅದನ್ನು ಹಾಕಿ ಕೊಡಲಿ, ಎಐ ಆಮೇಲೆ ನೋಡೋಣ.