“ಬ್ಯಾಕಪ್ ತಗೊಂಡೀವ್ರಿ ಮೇಡಂ” ಅಂದರೆ ಏನರ್ಥ?

ನೇಕಾರರಿಂದ ಇಳಕಲ್ ಸೀರೆ ತಂದು ಮನೆಯಲ್ಲೇ ಕುಳಿತು ಮಾರುವ ನನ್ನಂಥವಳಿಗೆ ಫೋನೇ ಅಂಗಡಿ, ಫೋನೇ ಕಿರ್ದಿ ಪುಸ್ತಕ. ಯಾರು ಗೋಮಿ ದಡಿ ಕೇಳಿದರು, ಯಾರು ಚಿಕ್ಕಿ ದಡಿ ಕೇಳಿದರು, ಯಾರು ಅರ್ಧ ಹಣ ಕಳಿಸಿ ಉಳಿದದ್ದನ್ನು ತುಳಸಿ ಲಗ್ನದ ಹೊತ್ತಿಗೆ ಕೊಡುತ್ತೇನೆಂದರು ಎಂಬುದೆಲ್ಲ ವಾಟ್ಸ್‌ಆ್ಯಪ್‌ನಲ್ಲೇ ಇತ್ತು. ಇತ್ತು ಎಂದು ಬರೆಯುವಾಗಲೇ ಮೈ ಉರಿಯುತ್ತದೆ.

ದೀಪಾವಳಿ ಮುಗಿದ ಮರುವಾರ ಫೋನು ತಾನೇ ಆಫ್ ಆಗಿ ತಾನೇ ಆನ್ ಆಗತೊಡಗಿದ್ದರಿಂದ ಬಾಗಲಕೋಟೆಯ ನವನಗರದಲ್ಲಿರುವ ಒಂದು ರಿಪೇರಿ ಅಂಗಡಿಗೆ ಒಯ್ದೆ. ಕೌಂಟರಿನ ಹುಡುಗ ಎರಡು ನಿಮಿಷ ನೋಡಿ, “ಸಾಫ್ಟ್‌ವೇರ್ ಹೊಡೀಬೇಕಾಗ್ತದ್ರಿ ಮೇಡಂ, ಒಳಗಿಂದೆಲ್ಲಾ ಹೋಗ್ತದ, ಆದ್ರ ಬ್ಯಾಕಪ್ ತಗೊಂಡ ಕೊಡ್ತೀವಿ” ಎಂದ. ಲಾಕಿನ ಪಿನ್ ಕೇಳಿದವನು ಅದನ್ನು ರಸೀದಿಯ ಮೇಲೆಯೇ ಎಲ್ಲರಿಗೂ ಕಾಣುವಂತೆ ದಪ್ಪ ಅಂಕಿಗಳಲ್ಲಿ ಬರೆದು, ರಸೀದಿಯನ್ನು ಫೋನಿಗೆ ಸುತ್ತಿ ರಬ್ಬರ್ ಬ್ಯಾಂಡ್ ಹಾಕಿ, ಅಂಥವೇ ಹತ್ತಾರು ಫೋನುಗಳಿದ್ದ ಟ್ರೇಗೆ ಒಗೆದ. ಅದೇ ರಸೀದಿಯ ಬೆನ್ನಿಗೆ, ಇರುವೆ ಸಾಲಿನಂಥ ಅಕ್ಷರಗಳಲ್ಲಿ, ಡೇಟಾಕ್ಕೆ ಅಂಗಡಿ ಹೊಣೆಯಲ್ಲ ಎಂದು ಅಚ್ಚಾಗಿತ್ತು. ಅಂದರೆ ಬಂದುಹೋಗುವವರೆಲ್ಲ ನನ್ನ ಫೋನು ತೆರೆದು ನೋಡಬಹುದು, ಆದರೆ ಅದರಲ್ಲಿರುವುದನ್ನು ಕಾಯುವ ಹೊಣೆ ಮಾತ್ರ ಯಾರದೂ ಅಲ್ಲ.

ಸಂಜೆ ಫೋನಿನ ಜೊತೆ ಒಂದು ಪೆನ್ ಡ್ರೈವ್ ಕೈಗಿಟ್ಟರು. ಮನೆಗೆ ಬಂದು ತೆರೆದು ನೋಡಿದರೆ ವಾಟ್ಸ್‌ಆ್ಯಪ್‌ನ ಮೀಡಿಯಾ ಫೋಲ್ಡರ್ ಮಾತ್ರ ಇದೆ. ಸಂದೇಶಗಳು ಇರುವ ಡೇಟಾಬೇಸಸ್ ಫೋಲ್ಡರನ್ನು ಮುಟ್ಟಿಯೇ ಇಲ್ಲ. ಸಾವಿರಗಟ್ಟಲೆ ಸೀರೆಗಳ ಫೋಟೊ, ಒಂದೊಂದರ ಹೆಸರೂ “ಐಎಂಜಿ-20240913-ಡಬ್ಲ್ಯೂಎ0007” ಎಂಬ ಧಾಟಿಯದು: ತಾರೀಖು ಮತ್ತು ಕ್ರಮಸಂಖ್ಯೆ. ಕಳಿಸಿದವರು ಯಾರು ಎಂಬುದು ಫೈಲಿನ ಹೆಸರಿನಲ್ಲಿಲ್ಲ, ಅದು ಚಾಟಿನಲ್ಲಿತ್ತು. ಅದನ್ನು ಕೇಳಲು ಫೋನ್ ಮಾಡಿದರೆ, “ಬ್ಯಾಕಪ್ ತಗೊಂಡೀವಲ್ರಿ ಮೇಡಂ, ಫೋಟೊ ಎಲ್ಲಾ ಬಂದಾವಲ್ಲ” ಎಂಬ ಉತ್ತರ. ಗಿರಾಕಿಯ ಹೆಸರಿಲ್ಲದ ಸೀರೆಯ ಫೋಟೊ ಇಟ್ಟುಕೊಂಡು ನಾನೇನು ಪ್ರದರ್ಶನ ಏರ್ಪಡಿಸಲೇ?

ಗೂಗಲ್ ಖಾತೆಯಲ್ಲಿ ಬ್ಯಾಕಪ್ ಇರಬೇಕಲ್ಲ ಎಂದು ಅಕ್ಕನ ಮಗ ನೋಡಿದ. ಇತ್ತು, ಮಾರ್ಚ್ 17ರದು. ಪುಕ್ಕಟೆ ಸಿಗುವ 15 ಜಿಬಿಯನ್ನು ಜಿಮೇಲ್, ಡ್ರೈವ್, ಫೋಟೊಸ್ ಮೂರೂ ಹಂಚಿಕೊಳ್ಳುತ್ತವೆ. 2021ರ ಜೂನ್ 1ರಿಂದ ಹೊಸ ಫೋಟೊಗಳೂ ಆ ಲೆಕ್ಕಕ್ಕೇ ಸೇರಿದವು. ಮೊದಲು ಲೆಕ್ಕದ ಹೊರಗಿದ್ದ ಆ್ಯಂಡ್ರಾಯ್ಡ್ ಫೋನುಗಳ ವಾಟ್ಸ್‌ಆ್ಯಪ್ ಬ್ಯಾಕಪ್ಪನ್ನೂ 2024ರಲ್ಲಿ ಅದರೊಳಗೆ ತಂದರು. ಜಾಗ ತುಂಬಿದೆ ಎಂಬ ಸೂಚನೆ ಎಷ್ಟೋ ಸಲ ಬಂದಿತ್ತು, ನಾನೇ ಬೆರಳಿನಿಂದ ಸರಿಸಿಬಿಟ್ಟಿದ್ದೆ. ಆ ತಪ್ಪು ನನ್ನದೇ, ಒಪ್ಪುತ್ತೇನೆ. ಆದರೆ ಫೋನು ಕೈಗೆ ತೆಗೆದುಕೊಳ್ಳುವಾಗ, ಕೊನೆಯ ಬ್ಯಾಕಪ್ ಯಾವ ದಿನದ್ದು ಎಂದು ಸೆಟ್ಟಿಂಗ್ಸ್ ತೆರೆದು ತೋರಿಸಲು ಆ ಹುಡುಗನಿಗೆ ಅರ್ಧ ನಿಮಿಷ ಸಾಕಿತ್ತು. ಪಿನ್ನಂತೂ ಅವನ ಹತ್ತಿರವೇ ಇತ್ತು.

ಡೇಟಾಬೇಸ್ ಫೈಲು ಬಂದಿದ್ದರೂ ಅದನ್ನು ಕಂಪ್ಯೂಟರಿನಲ್ಲಿ ತೆರೆದು ಓದಲು ಆಗುತ್ತಿರಲಿಲ್ಲವಂತೆ. ಅದು ಗೂಢಲಿಪಿಯಲ್ಲಿರುತ್ತದೆ, ಅದೇ ನಂಬರಿನಿಂದ ಆ್ಯಪ್ ಹಾಕಿ ಅದರೊಳಗೇ ಇಳಿಸಿಕೊಳ್ಳಬೇಕು. ಕಳ್ಳರ ಕೈಗೆ ಸಿಗಬಾರದೆಂಬುದು ಸರಿ, ಆದರೆ ಬರೆದವಳಿಗೂ ಸಿಗಬಾರದೆ? ಓದಲು ಬರುವಂಥದ್ದು ಬೇಕೆಂದರೆ ಒಂದೊಂದೇ ಚಾಟ್ ತೆರೆದು ಎಕ್ಸ್‌ಪೋರ್ಟ್ ಒತ್ತಬೇಕು. ನನಗೆ ಇನ್ನೂರು ಚಿಲ್ಲರೆ ಗಿರಾಕಿಗಳು. ಕೇಂದ್ರ ಸರ್ಕಾರದ 2019ರ ವೈಯಕ್ತಿಕ ದತ್ತಾಂಶ ರಕ್ಷಣೆ ಮಸೂದೆಯಲ್ಲಿ, ತನ್ನ ಮಾಹಿತಿಯನ್ನು ಬಳಸಲು ಬರುವ ರೂಪದಲ್ಲಿ ಪಡೆದು ಬೇರೆಡೆಗೆ ಒಯ್ಯುವ ಹಕ್ಕು ಇತ್ತು. 2023ರಲ್ಲಿ ಕಾಯ್ದೆಯಾಗಿ ಬಂದಾಗ ಅದು ಉಳಿದಿರಲಿಲ್ಲ. ನನ್ನಪ್ಪನ ಕೆಂಪು ಬಟ್ಟೆಯ ಕಿರ್ದಿಯನ್ನು ಮಾತ್ರ ಈಗಲೂ ಯಾರನ್ನೂ ಕೇಳದೆ ತೆರೆಯಬಹುದು, 1994ರ ಉದ್ರಿ ಸಹಿತ.

ನಿನ್ನೆ ರಾತ್ರಿ, ಆ ಮೀಡಿಯಾ ಫೋಲ್ಡರಿನಲ್ಲೇ ಬಂದಿದ್ದ ಧ್ವನಿ ಸಂದೇಶಗಳನ್ನು ಒಂದೊಂದಾಗಿ ಕೇಳಿಸಿಕೊಳ್ಳುತ್ತ ಕುಳಿತಿದ್ದೆ. ಅವು ವಾರದ ಲೆಕ್ಕದಲ್ಲಿ ಕೂಡಿರುತ್ತವೆ. 202444 ಎಂಬ ಫೋಲ್ಡರ್ ಎಂದರೆ ಆ ವರ್ಷದ 44ನೆಯ ವಾರ, ದೀಪಾವಳಿಯ ವಾರ. ಅದರಲ್ಲಿ ಒಬ್ಬ ಹೆಣ್ಣುಮಗಳು ಹೇಳುತ್ತಾಳೆ: “ಅಕ್ಕಾರ, ನಿನ್ನೆ ಬರದಿದ್ನೆಲ್ಲ, ಅದ ಬಣ್ಣ ಇರಲಿ, ಸೆರಗಿಗೆ ತೋಪು ತೆನಿ ದೊಡ್ಡವು ಹಾಕಸ್ರಿ, ಐದು ಸೀರಿ.” ನಿನ್ನೆ ಬರೆದದ್ದು ಹೋಗಿದೆ. ದನಿ ಪರಿಚಯದ್ದೇ, ಆದರೆ ಧಾರವಾಡದವರೋ ಸೊಲ್ಲಾಪುರದವರೋ ನೆನಪಾಗುತ್ತಿಲ್ಲ. ಇವತ್ತು ಬೆಳಿಗ್ಗೆ ನೇಕಾರರ ಮನೆಯಿಂದ ಫೋನ್ ಬಂತು, ಮಗ್ಗದ ಹಾಸಿಗೆ, ಅಂದರೆ ಉದ್ದದ ಎಳೆಗೆ, ಯಾವ ಬಣ್ಣದ ನೂಲು ಹಾಕಬೇಕೆಂದು. ನಾಳೆ ಹೇಳುತ್ತೇನೆ ಎಂದು ಮೂರನೆಯ ಸಲ ಸುಳ್ಳು ಹೇಳಿದೆ.