ಅಳಿಯ ಅಲ್ಲ, ಮಗಳ ಗಂಡ

2022ರ ಅಕ್ಟೋಬರ್ 25ಕ್ಕೆ ರಿಷಿ ಸುನಕ್ ಬ್ರಿಟನ್ನಿನ ಪ್ರಧಾನಿಯಾದಾಗ ಕರ್ನಾಟಕದ ನಾವೆಲ್ಲ ಒಂದೇ ರಾತ್ರಿಯಲ್ಲಿ ಅವರ ಹೆಣ್ಣು ಕೊಟ್ಟ ಕಡೆಯವರಾಗಿಬಿಟ್ಟೆವು. ಅವರು ಹುಟ್ಟಿದ್ದು ಸೌತಾಂಪ್ಟನ್‌ನಲ್ಲಿ, ಓದಿದ್ದು ಆಕ್ಸ್‌ಫರ್ಡ್ ಮತ್ತು ಸ್ಟ್ಯಾನ್‌ಫರ್ಡ್‌ನಲ್ಲಿ, ದುಡಿದದ್ದು ಗೋಲ್ಡ್‌ಮನ್ ಸ್ಯಾಕ್ಸ್ ಬ್ಯಾಂಕಿನಲ್ಲಿ, ಆಮೇಲೆ ದುಡ್ಡಿದ್ದವರ ಹಣ ಹೂಡುವ ಹೆಡ್ಜ್ ಫಂಡ್‌ಗಳಲ್ಲಿ. ಇರಲಿ ಬಿಡಿ, ಇನ್ಫೋಸಿಸ್ ನಾರಾಯಣ ಮೂರ್ತಿಯವರ ಮಗಳು ಅಕ್ಷತಾಗೆ ತಾಳಿ ಕಟ್ಟಿದ್ದು ಬೆಂಗಳೂರಿನಲ್ಲಿ ತಾನೆ? ಅಷ್ಟು ಸಾಕು ನಮಗೆ.

ಅಳಿಯ ಅಂದ ಮೇಲೆ ಸ್ವಲ್ಪ ಗುಣಗಾನ ಮಾಡಲೇಬೇಕು. ಏಳು ವಾರದ ಹಿಂದಷ್ಟೇ ಅವರ ಪಕ್ಷದ ಸದಸ್ಯರು ಅವರನ್ನು ಸೋಲಿಸಿ ಲಿಜ್ ಟ್ರಸ್ ಅವರನ್ನು ಆರಿಸಿದ್ದರು. ಆ ಅಮ್ಮನ ಅಧಿಕಾರ ಮೊದಲು ಮುಗಿಯುತ್ತೋ, ಲೆಟ್ಯೂಸ್ ಸೊಪ್ಪು ಮೊದಲು ಬಾಡುತ್ತೋ ಅಂತ ಪತ್ರಿಕೆಯೊಂದು ಕ್ಯಾಮೆರಾ ಇಟ್ಟು ಕಾಯಿತು. ಸೊಪ್ಪು ಗೆದ್ದಿತು. ಸೋತಿದ್ದ ಸುನಕ್ ಈ ಸಲ ಎದುರಾಳಿಯೇ ಇಲ್ಲದೆ ಗೆದ್ದರು.

ಆದರೆ ನನಗೆ ಇಷ್ಟವಾದದ್ದು ಅವರ ಬೇರೊಂದು ಸಾಹಸ. ಬ್ರಿಟನ್ನಿನ ಅತಿ ಶ್ರೀಮಂತ ದಂಪತಿಗಳ ಪಟ್ಟಿಯಲ್ಲಿದ್ದುಕೊಂಡು ಬಡಪಾಯಿಯಂತೆ ಕಾಣಿಸಿಕೊಳ್ಳುವುದಿದೆಯಲ್ಲ, ಅದು ಸುಲಭವಲ್ಲ. 2022ರ ಮಾರ್ಚ್‌ನಲ್ಲಿ, ಹಣಕಾಸು ಸಚಿವರಾಗಿದ್ದಾಗ, ಪೆಟ್ರೋಲ್ ಮೇಲಿನ ಸುಂಕವನ್ನು ಲೀಟರಿಗೆ 5 ಪೆನ್ಸ್ ಇಳಿಸಿದರು. ಫೋಟೋ ಬೇಕಲ್ಲ? ಬಂಕಿಗೆ ಹೋಗಿ ಪುಟ್ಟದೊಂದು ಕಿಯಾ ಕಾರಿಗೆ ಪೆಟ್ರೋಲ್ ಹಾಕಿದರು. ಆಮೇಲೆ ಗೊತ್ತಾಯಿತು, ಕಾರು ಅವರದಲ್ಲ, ಆ ಅಂಗಡಿಯ ಕೆಲಸಗಾರರೊಬ್ಬರದು. ದುಡ್ಡು ಕೊಡಲು ಒಳಗೆ ಹೋದರೆ ಇನ್ನೊಂದು ಪೇಚು. ಬಾರ್‌ಕೋಡ್ ಓದುವ ಯಂತ್ರಕ್ಕೆ ಕಾರ್ಡ್ ತೋರಿಸುತ್ತಾ ನಿಂತರು. ದೇಶದ ಖಜಾನೆಯ ಕೀಲಿ ಜೇಬಲ್ಲಿದೆ, ಅಂಗಡಿಯ ಬಿಲ್ ಕಟ್ಟೋಕೆ ಬರ್ತಿಲ್ಲ.

ಮುಂದಿನ ತಿಂಗಳೇ ಮನೆಯ ಲೆಕ್ಕ ಬೀದಿಗೆ ಬಂತು. ಶ್ರೀಮತಿಯವರು 'ನಾನ್-ಡೋಮ್'. ಅಂದರೆ ಸಂಸಾರ ಡೌನಿಂಗ್ ಸ್ಟ್ರೀಟ್‌ನಲ್ಲಿ, ಕಾಯಂ ನೆಲೆ ಮಾತ್ರ ಭಾರತದಲ್ಲಿ. ಆಗ ವರ್ಷಕ್ಕೆ 30,000 ಪೌಂಡ್ ಕಟ್ಟಿದರೆ, ಇನ್ಫೋಸಿಸ್ ಲಾಭಾಂಶದಂಥ, ಹೊರದೇಶದಲ್ಲೇ ಇಟ್ಟ ಆದಾಯಕ್ಕೆ ಅಲ್ಲಿ ತೆರಿಗೆ ಇರಲಿಲ್ಲ. ಕಾನೂನು ಪ್ರಕಾರ ಎಲ್ಲ ಸರಿ. ಅಲ್ಲೇ ಇದ್ದಾರೆ, ಆದರೆ ಅಲ್ಲಿಯವರಲ್ಲ. ಅಳಿಯ ಅಲ್ಲ, ಮಗಳ ಗಂಡ! ನಮ್ಮ ಈ ಗಾದೆಯನ್ನು ಇಂಗ್ಲಿಷರು ತೆರಿಗೆ ಕಾನೂನೇ ಮಾಡಿಟ್ಟುಕೊಂಡಿದ್ದರು ನೋಡಿ. ಅದೇ ತಿಂಗಳು ಯಜಮಾನರು ದುಡಿಯುವವರ ಸಂಬಳದಲ್ಲಿ ಮುರಿದುಕೊಳ್ಳುವ ನ್ಯಾಷನಲ್ ಇನ್ಶೂರೆನ್ಸ್ ವಂತಿಗೆ ಏರಿಸಿದ್ದರು. ಗದ್ದಲ ಜಾಸ್ತಿಯಾದ ಮೇಲೆ ಶ್ರೀಮತಿಯವರು, ಇನ್ನು ಮುಂದೆ ಎಲ್ಲ ಆದಾಯಕ್ಕೂ ಬ್ರಿಟನ್ನಿನಲ್ಲೇ ತೆರಿಗೆ ಕಟ್ಟುತ್ತೇನೆ ಅಂದರು.

ಪ್ರಧಾನಿಯಾದ ಮೇಲೆ ಮ್ಯಾಂಚೆಸ್ಟರ್‌ಗೆ ಹೋಗಿ, ಮ್ಯಾಂಚೆಸ್ಟರ್‌ಗೆ ಬರಬೇಕಿದ್ದ ಹೈಸ್ಪೀಡ್ ರೈಲು ಮಾರ್ಗವನ್ನು ರದ್ದು ಮಾಡಿದರು. ಭಾಷಣ ಮಾಡಿದ ಸಭಾಂಗಣ ಯಾವುದು ಅಂತೀರಾ? ಹಳೆಯ ರೈಲ್ವೆ ಸ್ಟೇಷನ್. ಇದನ್ನು ನಾನು ಕಟ್ಟಿ ಹೇಳಿದ್ದರೆ ನೀವೇ ಅತಿಯಾಯಿತು ಅನ್ನುತ್ತಿದ್ದಿರಿ.

2024ರ ಮೇ 22. ಚುನಾವಣೆ ಘೋಷಿಸಲು ಮನೆಯಿಂದ ಹೊರಗೆ ಬಂದರು. ಲಂಡನ್ನಿನಲ್ಲಿ ಮಳೆ ಬರುವುದು ಯಾರಿಗೂ ಗೊತ್ತಿಲ್ಲದ ಗುಟ್ಟೇನಲ್ಲ. ಆದರೂ ಛತ್ರಿ ಇಲ್ಲ. ಸೂಟು ತೊಯ್ದು ತೊಪ್ಪೆ. ಗೇಟಿನಾಚೆ ಯಾರೋ ಎದುರಾಳಿ ಲೇಬರ್ ಪಕ್ಷದ ಹಳೆಯ ಚುನಾವಣಾ ಹಾಡನ್ನು ಜೋರಾಗಿ ಹಾಕಿಬಿಟ್ಟಿದ್ದರು. ಮರುದಿನ ವೇಲ್ಸ್‌ನಲ್ಲಿ, ಯೂರೋ ಫುಟ್‌ಬಾಲ್ ನೋಡಲು ಕಾತರವಾ ಅಂತ ಅಲ್ಲಿನವರನ್ನು ಕೇಳಿದರು. ವೇಲ್ಸ್ ತಂಡ ಆ ಟೂರ್ನಿಗೆ ಆಯ್ಕೆಯೇ ಆಗಿರಲಿಲ್ಲ. ಅದರ ಮರುದಿನ ಬೆಲ್‌ಫಾಸ್ಟ್‌ನ ಟೈಟಾನಿಕ್ ಬಡಾವಣೆ. ಮುಳುಗುವ ಹಡಗಿನ ಕಪ್ತಾನ ನೀವೇನಾ ಅಂತ ವರದಿಗಾರರು ಕೇಳದೆ ಬಿಡ್ತಾರಾ?

ಜೂನ್ 6ಕ್ಕೆ ಫ್ರಾನ್ಸಿನ ನಾರ್ಮಂಡಿಯಲ್ಲಿ ಡಿ-ಡೇಯ, ಅಂದರೆ ಎರಡನೇ ಮಹಾಯುದ್ಧದಲ್ಲಿ ಮಿತ್ರಪಡೆಗಳು ಅಲ್ಲಿನ ತೀರಕ್ಕಿಳಿದ ದಿನದ, 80ನೇ ವರ್ಷದ ಸ್ಮರಣೆ. ಅಲ್ಲಿಂದ ಬೇಗ ಎದ್ದು ಬಂದು ಟಿವಿ ಸಂದರ್ಶನಕ್ಕೆ ಕೂತರು. ಮಾವನವರು ಯುವಕರಿಗೆ ವಾರಕ್ಕೆ 70 ಗಂಟೆ ದುಡಿಯಿರಿ ಅಂದವರು, ಅಳಿಯಂದಿರು ಅರ್ಧಕ್ಕೇ ಎದ್ದುಬಿಟ್ಟರು! ಬಾಲ್ಯದಲ್ಲಿ ಏನಿಲ್ಲದೆ ಬೆಳೆದಿರಿ ಅನ್ನುವ ಪ್ರಶ್ನೆಗೆ ಅದೇ ಸಂದರ್ಶನದಲ್ಲಿ ಉತ್ತರ ಕೊಟ್ಟರು: ಮನೆಯಲ್ಲಿ ದುಡ್ಡು ಕಟ್ಟಿ ನೋಡುವ ಸ್ಕೈ ಟಿವಿ ಇರಲಿಲ್ಲವಂತೆ. ಅಯ್ಯೋ ಪಾಪ. ಎದ್ದು ಬಂದದ್ದಕ್ಕೆ ಮರುದಿನ ಕ್ಷಮೆ ಕೇಳಿದರು. ಜುಲೈ 4ರ ಚುನಾವಣೆಯಲ್ಲಿ ಪಕ್ಷ 121 ಸೀಟಿಗೆ ಇಳಿಯಿತು, ಅಧಿಕಾರವೂ ಹೋಯಿತು.

ವರ್ಷ ಕಳೆದು, 2025ರ ಜುಲೈಯಲ್ಲಿ, ಸುನಕ್ ಮತ್ತೆ ಗೋಲ್ಡ್‌ಮನ್ ಸ್ಯಾಕ್ಸ್ ಸೇರಿದರು, ಈ ಸಲ ಹಿರಿಯ ಸಲಹೆಗಾರರಾಗಿ. ಸಂಬಳವೆಲ್ಲ ಜನರಿಗೆ ಲೆಕ್ಕ ಕಲಿಸುವ ತಮ್ಮ ಸಂಸ್ಥೆಗೆ ದಾನ. ಅದಕ್ಕೆ ಕೈ ಮುಗಿಯೋಣ. ಸಂಸತ್ ಸದಸ್ಯರಾಗಿಯೂ ಮುಂದುವರಿದರು. ಬ್ಯಾಂಕರ್ ಅಲ್ಲ, ಬ್ಯಾಂಕಿನ ಸಲಹೆಗಾರ. ಜಗತ್ತಿನ ರಾಜಕೀಯದ ಗಾಳಿ ಎತ್ತ ಬೀಸುತ್ತಿದೆ, ಆರ್ಥಿಕ ಮೋಡ ಎಲ್ಲಿ ಕಟ್ಟುತ್ತಿದೆ ಅಂತ ಗ್ರಾಹಕರಿಗೆ ಮುಂಚಿತವಾಗಿ ತಿಳಿಸುವುದು ಅವರ ಕೆಲಸ. ಗ್ರಾಹಕರು ಛತ್ರಿಯನ್ನು ತಾವೇ ತಂದುಕೊಂಡರೆ ಒಳ್ಳೆಯದು.