ಸಂಪ್‌ಗೆ ಟ್ಯಾಂಕರ್ ನೀರು ಬಿದ್ದ ದಿನ

"ಅಕ್ವೇರಿಯಂ ನೀರನ್ನು ಎಷ್ಟು ದಿನಕ್ಕೊಮ್ಮೆ ಟೆಸ್ಟ್ ಮಾಡಬೇಕು?" ಹೊಸದಾಗಿ ಮೀನು ತಂದವರೆಲ್ಲ ನನ್ನನ್ನು ಕೇಳುವ ಪ್ರಶ್ನೆ ಇದು. ವಾರಕ್ಕೊಮ್ಮೆ ಅಂತ ಹೇಳಿ ಮುಗಿಸಬಹುದು. ಆದರೆ ಬೆಂಗಳೂರಿನಲ್ಲಿ ಆ ಉತ್ತರ ಸಾಲುವುದಿಲ್ಲ. ನಮ್ಮ ನಲ್ಲಿಯಲ್ಲಿ ಇವತ್ತು ಬರುವ ನೀರು ನಾಳೆ ಬರುವ ನೀರಲ್ಲ.

2024ರ ಮಾರ್ಚ್ ನೆನಪಿದೆ ಅಲ್ವಾ? ಬೋರ್‌ವೆಲ್‌ಗಳು ಬತ್ತಿ ಅರ್ಧ ಊರು ಟ್ಯಾಂಕರ್‌ಗೆ ಕಾಯುತ್ತಿತ್ತು. ನಮ್ಮದು ಉತ್ತರಹಳ್ಳಿ ಕಡೆ ಸಣ್ಣ ಅಪಾರ್ಟ್‌ಮೆಂಟ್. ಮನೆಯಲ್ಲಿ ನೂರು ಲೀಟರ್ ಅಕ್ವೇರಿಯಂ, ಅದರಲ್ಲಿ ನಾಲ್ಕು ಏಂಜಲ್, ಒಂದಿಷ್ಟು ಟೆಟ್ರಾ. ಮೂರು ವರ್ಷದಿಂದ ಚೆನ್ನಾಗಿ ನಡೆದಿತ್ತು, ನೀರು ತಿಳಿಯಾಗಿತ್ತು. ಅದಕ್ಕೇ ನಾಲ್ಕು ತಿಂಗಳಿಂದ ಟೆಸ್ಟ್ ಕಿಟ್ (ಟ್ಯೂಬ್‌ನಲ್ಲಿ ನೀರಿಗೆ ಹನಿ ಹಾಕಿ ಬಣ್ಣ ನೋಡುವುದು) ಮುಟ್ಟಿರಲಿಲ್ಲ. ಕುಡಿಯೋಕೇ ನೀರಿಲ್ಲ ಅನ್ನುವ ಹೊತ್ತಲ್ಲಿ ಅಕ್ವೇರಿಯಂ ನೀರು ಬದಲಾಯಿಸುವುದನ್ನೂ ನಿಲ್ಲಿಸಿದ್ದೆ.

ಒಂದು ಭಾನುವಾರ ಸಂಪು ತುಂಬಿತು. ಸಂಜೆ ಅರ್ಧ ನೀರು ತೆಗೆದು ಹೊಸ ನೀರು ಹಾಕಿದೆ. ಕ್ಲೋರಿನ್ ತೆಗೆಯುವ ಹನಿಗಳನ್ನೂ ಮರೆಯದೆ ಹಾಕಿದ್ದೆ. ರಾತ್ರಿ ಹತ್ತರ ಹೊತ್ತಿಗೆ ಮಗಳು ಕೂಗಿದಳು: "ಅಮ್ಮಾ, ಮೀನೆಲ್ಲ ಮೇಲೆ ಬಂದು ಬಾಯಿ ಬಿಡ್ತಿವೆ." ಹೋಗಿ ನೋಡಿದರೆ ದೊಡ್ಡ ಏಂಜಲ್ ಓರೆಯಾಗಿ ತೇಲುತ್ತಿತ್ತು. ಕಿವಿರು ಬೇಗ ಬೇಗ ತೆರೆದು ಮುಚ್ಚುತ್ತಿತ್ತು. ಬೆಳಗಾಗುವಷ್ಟರಲ್ಲಿ ಎರಡು ಏಂಜಲ್, ಆರು ಟೆಟ್ರಾ ಹೋದವು.

ತೆಗೆದ ಹಳೇ ನೀರು ಗಿಡಕ್ಕೆ ಹಾಕೋಣ ಅಂತ ಬಕೆಟ್‌ನಲ್ಲೇ ಇತ್ತು. ಅದನ್ನೂ ಅಕ್ವೇರಿಯಂ ನೀರನ್ನೂ ಅಕ್ಕಪಕ್ಕ ಟೆಸ್ಟ್ ಮಾಡಿದೆ. ಹಳೇ ನೀರಿನ ಪಿಎಚ್, ಅಂದರೆ ಆಮ್ಲ-ಕ್ಷಾರದ ಅಳತೆ, 6.4. ಅಕ್ವೇರಿಯಂದು 7.8. ಅಮೋನಿಯಾ ಎರಡರಲ್ಲೂ ಇತ್ತು. ಹಳದಿ ಇರಬೇಕಾದ ಟ್ಯೂಬ್ ಹಸಿರಾಗಿತ್ತು. ಕೆಳಗೆ ಹೋಗಿ ವಾಚ್‌ಮನ್‌ನ ಕೇಳಿದೆ. "ಕಾವೇರಿ ನೀರು ಬರ್ಲಿಲ್ಲ ಮೇಡಂ, ನಿನ್ನೆ ಎರಡು ಟ್ಯಾಂಕರ್ ಹಾಕ್ಸಿದ್ವಿ" ಅಂದ. ಬೋರ್ ನೀರು, ಪೂರ್ತಿ ಗಡಸು. ಪಿಎಚ್ ಏರಿಸಿದ್ದು ಅದೇ.

ಆದದ್ದು ಇಷ್ಟು. ಮೀನು ಹೆಚ್ಚಾಗಿ ಕಿವಿರಿನಿಂದಲೇ ಅಮೋನಿಯಾ ಬಿಡುತ್ತದೆ. ಫಿಲ್ಟರ್‌ನಲ್ಲಿರುವ ಬ್ಯಾಕ್ಟೀರಿಯಾ ಅದನ್ನು ನೈಟ್ರೈಟ್, ಆಮೇಲೆ ನೈಟ್ರೇಟ್ ಮಾಡುತ್ತವೆ. ಈ ಕೆಲಸದಲ್ಲಿ ನೀರಿನ ಕೆಎಚ್, ಅಂದರೆ ಪಿಎಚ್ ಬೀಳದ ಹಾಗೆ ಹಿಡಿದಿಡುವ ಕಾರ್ಬೊನೇಟ್ ಅಂಶ, ದಿನವೂ ಸ್ವಲ್ಪ ಸ್ವಲ್ಪ ಖರ್ಚಾಗುತ್ತದೆ. ನೀರು ಬದಲಾಯಿಸದಿದ್ದರೆ ಅದು ಮುಗಿದು ಪಿಎಚ್ ಇಳಿಯುತ್ತದೆ, ಬ್ಯಾಕ್ಟೀರಿಯಾ ಮಂಕಾಗುತ್ತವೆ, ಅಮೋನಿಯಾ ಸೇರುತ್ತಾ ಹೋಗುತ್ತದೆ. ಆದರೆ ಕಡಿಮೆ ಪಿಎಚ್‌ನಲ್ಲಿ ಅದು ಹೆಚ್ಚಾಗಿ ಅಮೋನಿಯಂ ರೂಪದಲ್ಲಿರುತ್ತದೆ, ಮೀನಿಗೆ ಅಷ್ಟು ಕಾಟ ಕೊಡುವುದಿಲ್ಲ. ಹಾಗಾಗಿ ಮೀನು ಆರಾಮಾಗಿ ಓಡಾಡಿಕೊಂಡಿರುತ್ತವೆ, ನಾವೂ ನಂಬಿಬಿಡುತ್ತೇವೆ. ಪಿಎಚ್ 6.4ರಿಂದ 7.8ಕ್ಕೆ ಹಾರಿದರೆ ಅದೇ ಅಮೋನಿಯಾದಲ್ಲಿ ವಿಷವಾಗುವ ಪಾಲು 20 ಪಟ್ಟಿಗೂ ಜಾಸ್ತಿಯಾಗುತ್ತದೆ. ಅರ್ಧ ನೀರು ತೆಗೆದು ಅಮೋನಿಯಾವನ್ನು ಅರ್ಧಕ್ಕೆ ಇಳಿಸಿದರೂ ಏನೂ ಉಪಯೋಗವಿಲ್ಲ. ಮೊದಲೇ ಹೊಸ ನೀರನ್ನು ಟ್ಯೂಬ್‌ಗೆ ತೆಗೆದು ನಾಲ್ಕು ಹನಿ ಪಿಎಚ್ ಟೆಸ್ಟ್ ಹಾಕಿದ್ದರೆ ಆ ಮೀನುಗಳು ಉಳಿಯುತ್ತಿದ್ದವು. ಇವತ್ತಿಗೂ ಆ ಬೇಜಾರು ಹೋಗಿಲ್ಲ.

ಅದಕ್ಕೇ ನಾನು ಹೇಳುವುದು, ಕ್ಯಾಲೆಂಡರ್ ಜೊತೆಗೆ ಸಂಪನ್ನೂ ನೋಡಿ. ಹೊಸ ಅಕ್ವೇರಿಯಂ ಆದರೆ ಮೊದಲ ಆರು ವಾರ ದಿನ ಬಿಟ್ಟು ದಿನ ಅಮೋನಿಯಾ, ನೈಟ್ರೈಟ್ ನೋಡಲೇಬೇಕು, ಬ್ಯಾಕ್ಟೀರಿಯಾ ನೆಲೆಯೂರಲು ಅಷ್ಟು ಕಾಲ ಬೇಕು. ಹಳೇದಾದರೆ ಹದಿನೈದು ದಿನಕ್ಕೊಮ್ಮೆ ಪಿಎಚ್, ಕೆಎಚ್, ನೈಟ್ರೇಟ್ ಸಾಕು. ಅಮೋನಿಯಾ ತಿಂಗಳಿಗೊಮ್ಮೆಯಾದರೂ ನೋಡಿ. ಹೊಸ ಮೀನು ಬಿಟ್ಟಾಗ, ಔಷಧಿ ಹಾಕಿದಾಗ, ಒಂದು ಮೀನು ಸತ್ತಾಗ, ನಾಲ್ಕೈದು ಗಂಟೆ ಕರೆಂಟ್ ಹೋಗಿ ಫಿಲ್ಟರ್ ನಿಂತಾಗ ಲೆಕ್ಕ ನೋಡದೆ ಟೆಸ್ಟ್ ಮಾಡಿ. ಇದೆಲ್ಲದಕ್ಕಿಂತ ಮುಖ್ಯ, ಹಾಕಲು ಹೊರಟ ಬಕೆಟ್ ನೀರನ್ನು ಪ್ರತಿ ಸಲವೂ ನೋಡಿ. ಪುಸ್ತಕ ಓದಿ ಮೀನು ಸಾಕುವವರು ಕೂಡ ಬಿಡುವುದು ಇದನ್ನೇ.

ಅಂಗಡಿಯಲ್ಲಿ "ಏನೂ ಬೇಡ, ಮೀನು ನೋಡಿದ್ರೆ ಗೊತ್ತಾಗುತ್ತೆ" ಅನ್ನುತ್ತಾರೆ. ಮೀನು ನೋಡಿ ಗೊತ್ತಾಗುವ ಹೊತ್ತಿಗೆ ತಡವಾಗಿರುತ್ತದೆ. ಕಿಟ್ ದುಬಾರಿ, ನಿಜ. ಆದರೆ ಒಂದು ಬಾಟಲಿ ತುಂಬಾ ದಿನ ಬರುತ್ತದೆ. ಎಕ್ಸ್‌ಪೈರಿ ತಾರೀಖು ಮಾತ್ರ ನೋಡಿಕೊಳ್ಳಿ. ಎರಡು ಬಾಟಲಿ ಇರುವ ನೈಟ್ರೇಟ್ ಟೆಸ್ಟ್‌ನಲ್ಲಿ ಎರಡನೇ ಬಾಟಲಿಯ ತಳದಲ್ಲಿ ಪುಡಿ ಕೂರುತ್ತದೆ. ಅರ್ಧ ನಿಮಿಷ ಜೋರಾಗಿ ಕುಲುಕದಿದ್ದರೆ ನೈಟ್ರೇಟ್ ಇದ್ದರೂ ಕಡಿಮೆ ತೋರಿಸುತ್ತದೆ. ಬಣ್ಣವನ್ನು ಹಳದಿ ಬಲ್ಬಿನ ಕೆಳಗೆ ನೋಡಬೇಡಿ, ಹಗಲಲ್ಲಿ ಕಿಟಕಿ ಹತ್ತಿರ ಹಿಡಿದು ನೋಡಿ. ಗಿಡ ಇರುವ ಅಕ್ವೇರಿಯಂನಲ್ಲಿ ಸಂಜೆಗೆ ಪಿಎಚ್ ಏರುವುದರಿಂದ ಯಾವಾಗಲೂ ಒಂದೇ ಹೊತ್ತಿಗೆ ಮಾಡಿ.

ಈಗ ಟ್ಯಾಂಕರ್ ಬಂದರೆ ವಾಚ್‌ಮನ್ ನನಗೆ ಮೆಸೇಜ್ ಹಾಕುತ್ತಾನೆ. ಇವತ್ತು ಬೆಳಗ್ಗೆಯೂ ಬಂತು. ಬಕೆಟ್ ನೀರಿನ ಪಿಎಚ್ 8.2, ಅಕ್ವೇರಿಯಂದು 7.0, ಅಮೋನಿಯಾ ಸೊನ್ನೆ. ಮಗಳು ಫ್ರಿಜ್ ಮೇಲಿನ ಪುಸ್ತಕದಲ್ಲಿ ಬರೆದಿಟ್ಟಳು. ಇವತ್ತು ಎರಡು ಮಗ್ ಮಾತ್ರ ಹಾಕಿದ್ದೇವೆ, ನಾಳೆ ಇನ್ನೆರಡು.